ಹಾಡಿಗೆ ಮುಂಚಿನ ಮಾತು

ಚರ್ಚಿನ ಗಂಟೆ ನಿಧಾನವಾಗಿ ಬಡಿಯತೊಡಗಿತು. ಊರಲ್ಲಿ ಕಾಯಿಲೆ ಮಲಗಿದ್ದವಳು ಅಕ್ಕ ಪರಸ್ಕೆವೊ ಒಬ್ಬಳೇ. ಸತ್ತವರು ಯಾರೆಂದು ಕೇಳಬೇಕಾಗಿರಲಿಲ್ಲ. ಸ್ತವ್ರಿಯಾನಿ ಬಿಡಿಸುತ್ತಿದ್ದ ಅವರೆಯ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ಕಪ್ಪು ತಲೆವಸ್ತ್ರ ಬಿಗಿದು, ಇಳಿಜಾರಿನ ಕಲ್ಲುಹಾದಿ ಹಿಡಿದಳು.

ಅಮ್ಮ ಸತ್ತ ದಿನದಿಂದ ಅಕ್ಕನ ಮನೆಗೆ ಅವಳು ಕಾಲಿಟ್ಟಿರಲಿಲ್ಲ. ಗ್ರೀಸಿನ ಈ ಮಾನಿ ಸೀಮೆಯಲ್ಲಿ ಹೆಣದ ಸುತ್ತ ಹೆಂಗಸರು ಕೂತು, ಒಬ್ಬೊಬ್ಬರಾಗಿ ಹಾಡಿ ಅಳುತ್ತಾರೆ. ಹಾಡಬೇಕೆನ್ನುವವಳು ಹಾಡುತ್ತಿರುವವಳ ಮೊಣಕಾಲು ಮುಟ್ಟಿ ಕಾಯಬೇಕು. ಅವಳು ನಿಲ್ಲಿಸಿದ ಮೇಲೆ ಕೂತವರ ಅಪ್ಪಣೆ ಬೇಡುವ ಎರಡು ಸಾಲು ಹೇಳಬೇಕು. ಆ ಸಾಲುಗಳಿಗೆ ಪ್ರೊಯಿಮಿಯೊ ಎಂದು ಹೆಸರು. ಕೂತವರು ಸಾಲಿನ ಕೊನೆಗೆ ದನಿಗೂಡಿಸಿದರೆ ಅಪ್ಪಣೆ ಸಿಕ್ಕಂತೆ. ಅಮ್ಮನ ಹೆಣದ ಮುಂದೆ ಸ್ತವ್ರಿಯಾನಿ ಹಾಡುತ್ತಿದ್ದಾಗ ಪರಸ್ಕೆವೊ ಮುಟ್ಟಲಿಲ್ಲ, ಬೇಡಲಿಲ್ಲ. ತಂಗಿಯ ಬಾಯಿಂದ ಹಾಡು ಕಿತ್ತುಕೊಂಡಳು. ಅಂದಿನಿಂದ ಮಾತಿಲ್ಲ.

ಆದರೂ ಈ ದಿನ ಹಾಡಲೇಬೇಕಿತ್ತು. ಒಡಹುಟ್ಟಿದವರ ಹಾಡಿಲ್ಲದೆ ಹೋದವರು ದಾರಿ ಸಿಗದೆ ನಿಂತುಬಿಡುತ್ತಾರೆ ಎಂದು ಅಮ್ಮ ಹೇಳುತ್ತಿದ್ದಳು. ಆದರೆ ಅಲ್ಲಿ ಕೂತ ಹೆಂಗಸರು ತನಗೆ ದನಿಗೂಡಿಸುತ್ತಾರೆಯೆ?

ಒಳಗೆ ಮೇಣದ ಬತ್ತಿಗಳ ನಡುವೆ ಅಕ್ಕ ಮಲಗಿದ್ದಳು. ಪಕ್ಕದ ಮನೆಯ ಕಲೊಮಿರಾ ಹಾಡುತ್ತಿದ್ದಳು.

“ಬಂದ್ಲು ನೋಡ್ರೇ ಮಹಾರಾಣಿ,” ಎಂದಳು ಊರಿಗೆಲ್ಲ ಹಿರಿಯಳಾದ ದಿಮಿತ್ರೂಲ. “ಪರಸ್ಕೆವೊ ಈಗ ಎದ್ದು ಬೈಯೋ ಹಾಗಿಲ್ವಲ್ಲ, ಅದಕ್ಕೇ ಧೈರ್ಯ ಬಂದಿದೆ.”

ಯಾರೋ ಸರಿದು ಜಾಗ ಕೊಟ್ಟರು. ಸ್ತವ್ರಿಯಾನಿ ಕೂತಳು. ಅಕ್ಕನ ಹೆಬ್ಬೆರಳಿನ ಮೇಲೆ ಕುಡುಗೋಲಿನ ಹಳೆಯ ಗಾಯದ ಗುರುತು ಕಂಡಿತು. ತನಗೆ ಅಂಜೂರ ಕೊಯ್ದುಕೊಡಲು ಹೋಗಿ ಆದ ಗಾಯ. ಕೈ ಯಾರ ಮೊಣಕಾಲನ್ನೂ ಹುಡುಕಲಿಲ್ಲ. ಕಲೊಮಿರಾಳ ಸಾಲು ಇನ್ನೂ ಮುಗಿದಿರಲಿಲ್ಲ. ಸ್ತವ್ರಿಯಾನಿಯ ಬಾಯಿಂದ ಹಾಡು ಹೊರಬಿದ್ದುಬಿಟ್ಟಿತು.

ಸಾಲಿನ ಕೊನೆಗೆ ಒಬ್ಬಳೂ ದನಿಗೂಡಿಸಲಿಲ್ಲ.

“ಅಪ್ಪಣೆ ಎಲ್ಲಮ್ಮಾ?” ದಿಮಿತ್ರೂಲ ಕೇಳಿದಳು. “ಇದೇ ತಪ್ಪಿಗೆ ಅಕ್ಕನ ಮುಖ ನೋಡದೇ ಇದ್ದವಳು ನೀನೇ ಅಲ್ವಾ?”

ಸ್ತವ್ರಿಯಾನಿ ಬಾಯಿಗೆ ಕೈ ಅಡ್ಡ ಹಿಡಿದಳು. ಹೌದು, ಇದೇ ತಪ್ಪು. ಅವತ್ತು ಅಕ್ಕನಿಗೂ ಹೀಗೇ ಆಗಿರಬೇಕು. ಅವಳು ಹಾಡನ್ನು ಕಿತ್ತುಕೊಂಡಿರಲಿಲ್ಲ, ತಡೆದುಕೊಳ್ಳಲಾಗಿರಲಿಲ್ಲ ಅಷ್ಟೆ. ಇಷ್ಟು ತಿಳಿಯಲು ಇಷ್ಟು ಕಾಲ ಬೇಕಾಯಿತು. ಎದ್ದು ಹೋಗಿಬಿಡೋಣವೆಂದು ನೆಲಕ್ಕೆ ಕೈಯೂರಿದಳು.

“ಚಿಕ್ಕಮ್ಮ, ಕೂತ್ಕೊ.” ಸತ್ತವಳ ಮಗಳು ಲಿಯೆರಿ. ಕಲಮಾತಾ ಪಟ್ಟಣದಲ್ಲಿ ಹಳೆಯ ಗ್ರೀಕ್ ಕಲಿಸುವವಳು. “ಪ್ರೊಯಿಮಿಯೊ ಅಂದ್ರೆ ಹಾಡಿಗೆ ಮುಂಚಿನದು. ಅದರಲ್ಲಿರೋ ಹಾಡು ಅನ್ನೋ ಹಳೇ ಮಾತಿಗೂ ದಾರಿ ಅನ್ನೋ ಮಾತಿಗೂ ನಂಟಿದೆ ಅಂತ ಓದಿದವರು ಹೇಳ್ತಾರೆ.”

“ಪಾಠ ಶಾಲೇಲಿಟ್ಕೊಳ್ಳೇ ಟೀಚರಮ್ಮ,” ಎಂದಳು ದಿಮಿತ್ರೂಲ.

“ಪಾಠ ಅಲ್ಲ ಅಜ್ಜಿ. ಅದನ್ನ ಹೇಳೋವರೆಗೂ ಹಾಡೇ ಶುರುವಾಗಿಲ್ಲ, ಯಾರೂ ದಾರಿಗೆ ಇಳಿದಿಲ್ಲ ಅಂತ. ಅಮ್ಮನೂ ಇನ್ನೂ ಇಲ್ಲೇ ಇದ್ದಾಳೆ. ಚಿಕ್ಕಮ್ಮ ಮೊದಲಿಂದ ಶುರು ಮಾಡ್ಲಿ.”

ಕಲೊಮಿರಾ ಕೂತಲ್ಲೇ ಹತ್ತಿರ ಸರಿದು, ಸ್ತವ್ರಿಯಾನಿಯ ಕೈಯನ್ನು ಎತ್ತಿ ತನ್ನ ಮೊಣಕಾಲ ಮೇಲಿಟ್ಟುಕೊಂಡಳು. ತಾನು ಬಿಟ್ಟ ಸಾಲನ್ನು ಮತ್ತೆ ಹಿಡಿದು, ಕೊನೆಯವರೆಗೂ ಹಾಡಿ, ನಿಲ್ಲಿಸಿದಳು.

ಸ್ತವ್ರಿಯಾನಿ ಕಣ್ಣು ಮುಚ್ಚಿದಳು.

“ಕೂತಿರುವ ತಾಯಂದಿರೆ, ನನಗಿಷ್ಟು ಎಡೆ ಕೊಡಿ,
ಬಾಗಿಲಲ್ಲಿ ನಿಂತಿರುವೆ, ತಡವಾಗಿ ಬಂದವಳು.”

ಇಷ್ಟಕ್ಕೆ ಮುಗಿಯಬೇಕಿತ್ತು. ಅವಳು ಇನ್ನೆರಡು ಸಾಲು ಸೇರಿಸಿದಳು.

“ಮಲಗಿರುವ ನನ್ನಕ್ಕ, ನಿನ್ನಪ್ಪಣೆಯೂ ಬೇಕು,
ಅಂದು ನೀ ಕೇಳದ್ದನ್ನು ನಾನೇ ಕೊಡಬೇಕಿತ್ತು.”

ಹಾಡು ನಿಂತಿತು. ಮೇಣ ಕರಗಿ ತಟ್ಟೆಗೆ ಇಳಿಯುತ್ತಿತ್ತು. ಆಗ ಮೂಲೆಯಿಂದ ಒಡಕು ದನಿಯೊಂದು ಆ ಕೊನೆಯ ಸಾಲನ್ನು ಎತ್ತಿಕೊಂಡಿತು. ದಿಮಿತ್ರೂಲ. ಅವಳ ಹಿಂದೆ ಕಲೊಮಿರಾ, ಆಮೇಲೆ ಎಲ್ಲರೂ.

ಸ್ತವ್ರಿಯಾನಿ ಅಂಜೂರದ ಮರದಿಂದ ಅಕ್ಕನ ಕಥೆ ಶುರು ಮಾಡಿದಳು. ದನಿ ಸೋಲುವ ಹೊತ್ತಿಗೆ ಅವಳ ಮೊಣಕಾಲನ್ನು ಒಂದು ಕೈ ಮುಟ್ಟಿತು. ಈವರೆಗೆ ಒಮ್ಮೆಯೂ ಹಾಡದ ಲಿಯೆರಿ, ತಲೆ ತಗ್ಗಿಸಿ, ಅಪ್ಪಣೆಗೆ ಕಾಯುತ್ತಿದ್ದಳು.