ಕಣ್ಣಳತೆಗೆ ಸಿಗದ ನೀರು

ಆ ದರ್ಜಿಗೆ ಎಲ್ಲರೂ ಇಟ್ಟ ಹೆಸರೇ ‘ಕಣ್ಣಳತೆ’. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ, ಸೊಂಟ, ತೋಳು ಎಲ್ಲ ಅಂದಾಜು ಮಾಡಿಬಿಡುವ ಆಸಾಮಿ. ಕೊರಳಲ್ಲಿ ನೇತಾಡುವ ಟೇಪು ಬರೀ ಶೋಕಿಗೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನು.

ಬೇಸಿಗೆ ರಜೆ. ಮಗಳ ಕಾಟ ತಡೆಯಲಾರದೆ ಅಂಗಡಿಗೆ ಬೀಗ ಹಾಕಿ, ಹೆಂಡತಿ, ಮಗಳು, ನಾದಿನಿಯ ಜೊತೆ ದೊಡ್ಡ ಕೆರೆಯ ಮರಳು ದಂಡೆಗೆ ಬಂದ. ನಾದಿನಿ ಶಾಲೆಯ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು.

ನೀರು ಕನ್ನಡಿಯ ಹಾಗಿತ್ತು. ಸ್ವಲ್ಪ ದೂರದಲ್ಲಿ ಕೆಂಪು ಚೆಂಡುಗಳನ್ನು ಪೋಣಿಸಿದ ಹಗ್ಗ ತೇಲುತ್ತಿತ್ತು.

“ಭಾವ, ಆಟ ಏನಿದ್ರೂ ಹಗ್ಗದಿಂದ ಈಚೆಗೆ. ಮಗು ಪಕ್ಕದಲ್ಲಿ ಯಾರಾದ್ರೂ ದೊಡ್ಡವರು ಇರ್ಲೇಬೇಕು,” ಎಂದಳು ನಾದಿನಿ.

“ಇದೇನು ಕಡಲಾ ತಾಯಿ? ತಳದ ಕಲ್ಲು ಕಾಣ್ತಿದೆ. ಹಗ್ಗದ ಆಚೆನೂ ಮೊಣಕಾಲುದ್ದ ನೀರೇ. ನನ್ನ ಕಣ್ಣು ತಪ್ಪಿದ್ದುಂಟಾ?”

“ಇಲ್ಲಪ್ಪ! ನೀವು ಹೊಲಿದ ನನ್ನ ಅಂಗಿಗೆ ಕೈಯೇ ತೂರ್ಲಿಲ್ಲ, ಅಷ್ಟೇ,” ಎಂದಳು ಹೆಂಡತಿ. ಅವನೂ ನಕ್ಕ.

ಅಷ್ಟರಲ್ಲಿ ಗಾಳಿ ಬೀಸಿ, ಮಗಳ ಈಜುವ ಟ್ಯೂಬು ಹಗ್ಗದ ಆಚೆ ತೇಲಿಹೋಯಿತು. “ಅಪ್ಪಾ, ನನ್ನ ಟ್ಯೂಬು!”

ಮರಳಲ್ಲಿ ಕಾಲು ಚಾಚಿದ್ದವನು ಏಳಲಿಲ್ಲ. “ನೀನೇ ತಗೊಂಬಾ ಪುಟ್ಟಿ. ಮೊಣಕಾಲುದ್ದ ನೀರು.”

ಹುಡುಗಿ ಎದೆಮಟ್ಟದ ನೀರಲ್ಲಿ ನಿಂತು ಹಗ್ಗ ಎತ್ತಿದಳು. ನಾದಿನಿ ಓಡಿಹೋಗಿ ಅವಳ ರಟ್ಟೆ ಹಿಡಿದಳು. ಬೈಯಲಿಲ್ಲ, ಕೂಗಾಡಲಿಲ್ಲ. “ಭಾವ, ದಡದಲ್ಲಿ ನೆರಳಿಗೆ ನೆಟ್ಟಿರೋ ಆ ದೊಡ್ಡ ಕೊಡೆಯ ಕೋಲು ತನ್ನಿ. ನೀವೇ ಅಳೆದು ನೋಡಿ.”

ಅವನು ಹಗ್ಗ ಹಿಡಿದು, ತನಗಿಂತ ಉದ್ದದ ಕೋಲನ್ನು ಆಚೆ ಬದಿಗೆ ಇಳಿಬಿಟ್ಟ. ಕೋಲು ಮುಳುಗಿತು. ಹಿಡಿದ ಕೈ ಮುಳುಗಿತು. ಭುಜದವರೆಗೂ ಒದ್ದೆಯಾದರೂ ತಳ ಸಿಗಲಿಲ್ಲ.

“ನಾನೇ ಕಳಿಸಿದ್ದೆನಲ್ಲಮ್ಮಾ...” ಎಂದು ಮಗಳ ಕಡೆ ತಿರುಗಿದ.

“ತಿಳಿನೀರಲ್ಲಿ ತಳ ಮೇಲೇ ಇದ್ದ ಹಾಗೆ ಕಾಣುತ್ತೆ ಭಾವ. ಕೆಲವು ಕಡೆ ಒಂದೇ ಹೆಜ್ಜೆಗೆ ಆಳ ಶುರುವಾಗುತ್ತೆ. ಅದಕ್ಕೇ ಈ ಹಗ್ಗ. ಅಂಗಿ ಬಿಗಿಯಾದ್ರೆ ಬಿಚ್ಚಿ ಹೊಲೀಬಹುದು. ಇಲ್ಲಿ ತಪ್ಪಿದ್ರೆ?”

ಅವನು ಕೋಲು ಮೇಲೆಳೆದುಕೊಂಡು ಮಗಳ ಕೈ ಹಿಡಿದ. ಟ್ಯೂಬು ದೂರ ಸಾಗುತ್ತಿತ್ತು, ಮಗಳು ಅಳುತ್ತಿದ್ದಳು.

“ಹೋಗ್ಲಿ ಬಿಡು ಪುಟ್ಟಿ. ಅಂಥದ್ದು ಇನ್ನೊಂದು ತರ್ತೀನಿ. ನಿನ್ನನ್ನ ಎಲ್ಲಿಂದ ತರ್ಲಿ?”

ಆಮೇಲೆ ಮಗಳು ನೀರಲ್ಲಿ ಇದ್ದಷ್ಟು ಹೊತ್ತೂ ಅವನು ಅವಳ ಪಕ್ಕ ಬಿಟ್ಟು ಕದಲಲಿಲ್ಲ. “ಏನ್ರೀ, ಇವತ್ತು ಯಾವ ಅಳತೆ?” ಎಂದು ಹೆಂಡತಿ ದಡದಿಂದ ಛೇಡಿಸಿದಳು.

“ತೋಳುದ್ದ ಕಣೇ,” ಎಂದು ಕೈಚಾಚಿ ಮಗಳ ಭುಜ ಮುಟ್ಟಿ ತೋರಿಸಿದ.

ಅಕ್ಕ, ಅಣ್ಣ, ಈ ರಜೆಯಲ್ಲಿ ನೀವೂ ಕೆರೆಗೋ ಹೊಳೆಗೋ ಹೋಗುವವರೇ. ಖುಷಿಯಾಗಿ ಹೋಗಿ. ಹಗ್ಗ ದಾಟಬೇಡಿ. ಯಾರಾದರೂ ಮುಳುಗುತ್ತಿದ್ದರೆ ದುಡುಕಿ ಹಾರಬೇಡಿ. ಕೂಗಿ ಜನ ಸೇರಿಸಿ, ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆಯಿರಿ. ಮಗು ನೀರಲ್ಲಿದ್ದರೆ ಫೋನು ಚೀಲದೊಳಗೆ ಹಾಕಿ, ನೀವೂ ನೀರಿಗಿಳಿಯಿರಿ. ಆಮೇಲೆ ಒಮ್ಮೆ ಕೈಚಾಚಿ ನೋಡಿ: ಮಗು ಕೈಗೆ ಸಿಗುತ್ತಿದೆಯೇ?