ಸಾಹೇಬನ ವೈರಾಗ್ಯ

ಬೀದರಿನ ಆ ಖಾಸಗಿ ಸಂಗ್ರಹಾಲಯದಲ್ಲಿ ನನ್ನದು ಆರು ತಿಂಗಳ ಕೆಲಸ. ನಿಜಾಮರ ಕಾಲದಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದ ಉರ್ದು ನಗೆಚಿತ್ರಗಳಿಗೆ ಕನ್ನಡದಲ್ಲಿ ವಿವರಣೆ ಬರೆಯಬೇಕು. ಮೆಚ್ಚಿಗೆಯಾದರೆ ಕಾಯಂ. ಉರ್ದು ಬರುತ್ತದೆಯೇ ಎಂದು ಅರ್ಜಿಯಲ್ಲಿ ಕೇಳಿದ್ದರು. ಬರುತ್ತದೆ ಎಂದಿದ್ದೆ. ಇದೇ ಜಿಲ್ಲೆಯ ಚಿಂತಾಕಿಯವನು ನಾನು, ಮಾತಾಡಬಲ್ಲೆ. ಓದಲು ಒಂದಕ್ಷರವೂ ಬಾರದು.

ಒಂದು ಹಾಳೆಯಲ್ಲಿ ನಾಲ್ಕು ಚೌಕಗಳಿದ್ದವು. ಎಡತುದಿಯಲ್ಲಿ ಹ್ಯಾಟು, ಬೂಟು ಹಾಕಿದ ಸಾಹೇಬ ಗೆಳೆಯರ ನಡುವೆ ಕೂತು ಮುದುಕಿಯೊಬ್ಬಳತ್ತ ಬೆರಳು ತೋರಿಸುತ್ತಿದ್ದ. ಮುಂದಿನದರಲ್ಲಿ ಹ್ಯಾಟಿಲ್ಲ, ಆಮೇಲೆ ಬೂಟಿಲ್ಲ, ಕೊನೆಗೆ ಬರಿಗಾಲಲ್ಲಿ ಅದೇ ಮುದುಕಿಯ ಪಕ್ಕ ಕೂತು ರೊಟ್ಟಿ ತಿನ್ನುತ್ತಿದ್ದ. ನನಗೆ ನಗು ಬರಲಿಲ್ಲ. ಹಾಗಾಗಿ ಇದು ಗಂಭೀರ ಕೃತಿ ಎಂದು ತೀರ್ಮಾನಿಸಿದೆ. ಏಳು ವರ್ಷ ಹಾಸ್ಟೆಲ್ ಲೈಬ್ರರಿಯಲ್ಲಿ ಓದಿದ್ದನ್ನೆಲ್ಲ ಸುರಿದು, ಅಧಿಕಾರ ತೊರೆದು ತಾಯಿಯ ಬಳಿ ಮರಳಿದವನ ವೈರಾಗ್ಯದ ಬಗ್ಗೆ ಒಂದು ಪುಟ ಬರೆದೆ. ಬುದ್ಧನನ್ನೂ ಎಳೆದು ತಂದೆ.

ಮುಖ್ಯಸ್ಥ ಅನೀಲಕುಮಾರ ಓದಿ ಕನ್ನಡಕ ಒರೆಸಿಕೊಂಡರು.

"ನಾಗಸೇನ, ಕಣ್ಣಾಗ ನೀರ ತರಸಿದಿ ನೋಡಪಾ. ನಾಳಿ ಪ್ರದರ್ಶನದ ಉದ್ಘಾಟನಾ ಮುಗೀಲಿ, ಕಾಯಂ ಕಾಗದಕ್ಕ ಸಹಿ ಮಾಡ್ತೇನಿ."

ಸಂಜೆ, ಹರಿದ ಹಾಳೆಗಳಿಗೆ ಅಂಟು ಹಚ್ಚುವ ಹಮೀದುನ್ನಿಸಾ ಆ ಚಿತ್ರದ ಮುಂದೆ ನಿಂತು ನಗತೊಡಗಿದರು.

"ಯಾಕ್ರಿ ಆಪಾ?"

"ಅರೆ, ಉರ್ದು ಯಾವ ಕಡಿಂದ ಓದ್ತಾರ?"

"ಬಲಕಿಂದ್ರಿ."

"ಮತ್ತ ಅದರ ಚಿತ್ರ?"

ನಾನು ಚಿತ್ರದ ಬಲತುದಿಗೆ ಸರಿದೆ. ಬಲದಿಂದ ನೋಡಿದರೆ, ಬರಿಗಾಲಿನ ಹುಡುಗ ಬೂಟು ಕೊಂಡು, ಹ್ಯಾಟು ಇಟ್ಟು ಸಾಹೇಬನಾಗುತ್ತಾನೆ.

"ಕಡೀಕ ಏನಂತಾನ್ರಿ?"

"'ಈಕಿ ನಮ್ಮ ಮನಿ ಕೆಲಸದಾಕಿ' ಅಂತಾನ, ಗೆಳ್ಯಾರ ಮುಂದ. ತಾಯಿಗಿ!"

"ಆಪಾ, ನಾಳಿ ಒಂದಿನ ಸುಮ್ನಿರ್ರಿ."

"ನಾ ಸುಮ್ನಿರ್ತೇನಿ. ನಾಳಿ ಬರೋ ಉರ್ದು ಓದೋ ಹಳೇ ಮಂದಿ ಬಾಯಿಗಿ ಯಾರ ಅಂಟು ಹಚ್ತಾರ?"

ಅನೀಲಕುಮಾರರಿಗೆ ಹೇಳಿಬಿಟ್ಟೆ. ಪ್ರಾಮಾಣಿಕತೆಯಿಂದಲ್ಲ, ಇನ್ನೂರು ಜನರೆದುರು ಸಿಕ್ಕಿಬೀಳುವುದಕ್ಕಿಂತ ಒಬ್ಬರೆದುರು ಸಿಕ್ಕಿಬೀಳುವುದು ಮೇಲು ಎಂದು. ಅವರು ಜೇಬಿನಿಂದ ತಮ್ಮ ಭಾಷಣ ತೆಗೆದು ನೋಡಿದರು. ಅದರಲ್ಲೂ ವೈರಾಗ್ಯ ಎರಡು ಪುಟ ಇತ್ತು.

"ಉರ್ದು ಬರ್ತದಂತ ಬರದಿದ್ದಿ."

"ಮಾತಾಡಾಕ ಬರ್ತದ್ರಿ."

"ಚಿತ್ರ ಮಾತಾಡ್ತದೇನು? ಕಾಯಂ ಮಾತು ಮರ್ತಬಿಡು."

ಆಪಾ ಹೇಳಿದರು, ನಾನು ಬರೆದೆ: ಹೊಸ ವಿವರಣೆ ಎರಡೇ ಸಾಲು.

ಮರುದಿನ ಸಭೆ ತುಂಬಿತ್ತು. ನಾನು ಹಿಂದೆ, ಮಾತು ಸರಿಯಾಗಿ ಕೇಳಿಸದಷ್ಟು ದೂರ, ಬಾಗಿಲ ಹತ್ತಿರ ನಿಂತಿದ್ದೆ. ಅನೀಲಕುಮಾರ ಭಾಷಣ ಶುರು ಮಾಡಿದ ಐದೇ ನಿಮಿಷಕ್ಕೆ ಜನ ಹೊಟ್ಟೆ ಹಿಡಿದು ನಕ್ಕರು. ಸಾಹೇಬನ ಕತೆ ಹೇಳುತ್ತಿದ್ದಾರೆಂದು ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಮುಂದಿನ ಸಾಲಿನವರು ತಿರುಗಿ ನನ್ನನ್ನೇ ನೋಡಿದಾಗ ತಿಳಿಯಿತು: ಭಾಷಣದಲ್ಲಿ ವೈರಾಗ್ಯ ತೆಗೆದ ಜಾಗಕ್ಕೆ ಅನೀಲಕುಮಾರ ನನ್ನನ್ನು ತುಂಬಿದ್ದರು.