ಏಳನೇ ನಂಬರಿನ ಕೈ

ನನ್ನ ತಲೆಯಲ್ಲಿ ಹೇನಿಲ್ಲ. ಆದರೂ ಏಳನೇ ನಂಬರಿನ ಹೆಣ್ಣು ಮಂಗ ದಿನಾ ಬೆಳಗ್ಗೆ ಹುಡುಕುತ್ತಿದ್ದಳು. ಪಂಜರ ತೊಳೆದು ನಾನು ಸರಳಿಗೆ ಬೆನ್ನು ಕೊಟ್ಟು ಕೂತರೆ ಸಾಕು, ಕೈ ಹೊರಗೆ ಚಾಚಿ ಕೂದಲು ಬಿಡಿಸಿ ಬಿಡಿಸಿ ನೋಡುವಳು. ಅವ್ವ ಹೋಗಿ ಒಂಬತ್ತು ವರ್ಷ. ಆಮೇಲೆ ನನ್ನ ತಲೆಗೆ ಕೈ ಹಾಕಿದ್ದು ಅವಳೊಬ್ಬಳೇ.

ನಾನು ಕೆಲಸಕ್ಕಿದ್ದ ಮುಂಡರಗಿ ಹೊರಗಿನ ಲ್ಯಾಬಿನಲ್ಲಿ ಎಂಟು ಮಂಗಗಳಿದ್ದವು. ಪರೀಕ್ಷೆ ನಡೆದದ್ದು ಕೊಕ್ಕೆಹುಳದ ಹೊಸ ಲಸಿಕೆಗೆ. ಬರಿಗಾಲಲ್ಲಿ ಓಡಾಡುವವರ ಹೊಟ್ಟೆ ಸೇರಿ ರಕ್ತ ಹೀರುವ ಹುಳ ಅದು. ನಾಲ್ಕು ಮಂಗಗಳಿಗೆ ಲಸಿಕೆ, ನಾಲ್ಕಕ್ಕೆ ಬರೀ ಉಪ್ಪುನೀರಿನ ಸೂಜಿ. ಯಾವುದಕ್ಕೆ ಯಾವುದು ಅನ್ನುವ ಪಟ್ಟಿ ಗುಟ್ಟಾಗಿತ್ತು, ಡಾಕ್ಟರಿಗೂ ಹೇಳುತ್ತಿರಲಿಲ್ಲ. ಆಮೇಲೆ ಎಲ್ಲಕ್ಕೂ ಹುಳ ಬಿಟ್ಟರು. ಕೊನೆಗೆ ಎಂಟನ್ನೂ ಕೊಯ್ದು ಕರುಳಿನ ಹುಳ ಎಣಿಸುವುದು. ಇದೆಲ್ಲ ಗೊತ್ತಿದ್ದೂ ಜೀವ ಹಚ್ಚಿಕೊಂಡೆ, ನನ್ನದೇ ತಪ್ಪು.

ಏಳರ ಒಸಡು ಬಿಳುಚಿತು. ಅವಳ ಕೈ ನನ್ನ ಕೂದಲಲ್ಲೇ ಸೋತು ನಿಲ್ಲತೊಡಗಿತು. ತಡೆಯಲಾಗಲಿಲ್ಲ. ನಮಗೆ ಹೊಟ್ಟೆಯಲ್ಲಿ ಜಂತುಹುಳ ಆದಾಗ ಅವ್ವ ಕೊಡುತ್ತಿದ್ದಂತೆ ಮುತ್ತಲ ಮರದ ಬೀಜ ಕುಟ್ಟಿ, ಬೆಲ್ಲದಲ್ಲಿ ಉಂಡೆ ಕಟ್ಟಿ ಮೂರು ದಿನ ತಿನ್ನಿಸಿದೆ. ಮಂಗನಿಗೆ ಬೆಲ್ಲ ತಿನ್ನು ಅಂತ ಬೇಡಿಕೊಳ್ಳಬೇಕೇ?

ಹದಿನೈದು ದಿನಕ್ಕೆ ಏಳರ ಮಲದಲ್ಲಿ ಹುಳದ ಮೊಟ್ಟೆ ಕಾಣದಾದವು. ಕೊಯ್ಯುವ ಮೊದಲು ಆ ಗುಟ್ಟಿನ ಪಟ್ಟಿ ತೆರೆದ ದಿನ ನಮ್ಮ ಡಾಕ್ಟರು ಶೀತಲ್ ಮೇಡಂ ತಲೆ ಹಿಡಿದು ಕೂತರು.

"ಏಳಕ್ಕ ಕೊಟ್ಟಿದ್ದು ಬರೇ ನೀರು, ಸುಮಿತ್ರವ್ವಾ. ನೀರಿಗೇ ಗುಣ ಆತಂದ್ರ ನಮ್ಮ ಲಸಿಕಿ ಯಾರು ನಂಬತಾರ? ಆರು ವರ್ಷ ದುಡದೀನಿ."

ನಮ್ಮೂರು ಡೋಣಿಯ ಓಣಿಯಲ್ಲಿ ಇದೇ ಹುಳದಿಂದ ಬಿಳುಚಿದ ಮಕ್ಕಳನ್ನು ನೋಡುತ್ತಲೇ ಬೆಳೆದವಳು ನಾನು. ಬಾಯಿ ಮುಚ್ಚಿಕೊಂಡಿರಲಾಗಲಿಲ್ಲ.

"ಗುಣ ಮಾಡಿದಾಕಿ ನಾನರಿ," ಎಂದು ಎಲ್ಲ ಹೇಳಿದೆ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. "ಹಂಗಾದ್ರ ಏಳನ್ನ ಪರೀಕ್ಷಾದಿಂದ ತಗೀಬೇಕಾತು," ಅಂದರು.

"ಅಕೀನ್ನ ಕೊಯ್ಯಂಗಿಲ್ಲೇನ್ರಿ?"

"ಇಲ್ಲ. ದೂರ ಮಂಗ ಸಾಕೋ ಕಡೆ ಕಳಸ್ತೀವಿ. ಆದ್ರ ನಾಳಿಂದ ನೀವೂ ಬರಬ್ಯಾಡ್ರಿ."

ಕೈ ಮುಗಿದೆ. ಯಾವ ಮಾತಿಗೆ ಮುಗಿದೆನೋ ನನಗೇ ತಿಳಿಯದು.

ಅವಳನ್ನು ಒಯ್ಯುವ ದಿನ ನನ್ನನ್ನು ಗೇಟಿನೊಳಗೆ ಬಿಡಲಿಲ್ಲ. ಗಾಡಿ ಹೊರಬಂದಾಗ ಸರಳಿನಿಂದ ಆ ಕೈ ಚಾಚಿತ್ತು. ನಾನು ರಸ್ತೆಯಲ್ಲೇ ಸೆರಗು ಸರಿಸಿ ತಲೆ ಬಾಗಿಸಿದೆ. ಗಾಡಿ ನಿಲ್ಲಲಿಲ್ಲ.

ಬದುಕಿದ್ದಾಳಲ್ಲ, ಅಷ್ಟು ಸಾಕು ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ. ಸಾಲದು. ಈಗಲೂ ಬೆಳಗ್ಗೆ ತಲೆ ಬಾಚುವ ಮೊದಲು ಕೂದಲು ಬಿಚ್ಚಿ, ಕಿಟಕಿಯ ಸರಳಿಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ಕೂರುತ್ತೇನೆ.